ಜೆಲ್ ಉಗುರಿನ ಕೆಲಸ ಮತ್ತು ಕೈಯ ಅಲರ್ಜಿ: ಚರ್ಮರೋಗ ತಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಕಲಬುರಗಿ, ನೇಲ್ ಟೆಕ್ನೀಷಿಯನ್):
ಮೇಡಂ ಅವರಿಗೆ ಶರಣು. ನಾನು ಸೂಪರ್ ಮಾರ್ಕೆಟ್ ಹತ್ತಿರದ ಪಾರ್ಲರ್ ಒಂದರಲ್ಲಿ ಜೆಲ್ ಪಾಲಿಶ್ ಮತ್ತು ಎಕ್ಸ್‌ಟೆನ್ಷನ್ ಕೆಲಸ ಮಾಡುತ್ತೇನೆ. ಕೆಲವು ತಿಂಗಳುಗಳಿಂದ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಸುಲಿದು ಬಿರುಕು ಬಿಡುತ್ತಿದ್ದು, ರೊಟ್ಟಿ ಬಡಿಯುವಾಗ ಉರಿ ತಾಳಲಾಗುವುದಿಲ್ಲ. ಈಗ ಕಣ್ಣಿನ ರೆಪ್ಪೆಯೂ ಊದಿ ತುರಿಸುತ್ತಿದೆ. ಔಷಧದ ಅಂಗಡಿಯವರು ಕೊಟ್ಟ ಟ್ಯೂಬ್ ಹಚ್ಚಿದರೆ ನಾಲ್ಕು ದಿನ ಕಡಿಮೆಯಾಗಿ ಮತ್ತೆ ಶುರುವಾಗುತ್ತದೆ. ಲೇಟೆಕ್ಸ್ ಗ್ಲೌಸ್ ಹಾಕಿಕೊಂಡೇ ಕೆಲಸ ಮಾಡುತ್ತೇನೆ. ಈ ಕೆಲಸವನ್ನೇ ಬಿಡಬೇಕಾಗುತ್ತದೆಯೇ?

ಉತ್ತರ (ಚರ್ಮರೋಗ ತಜ್ಞೆ):
ಶರಣು ತಂಗಿ. ಕೈಯನ್ನು ಕಣ್ಣಾರೆ ನೋಡದೆ ಖಚಿತವಾಗಿ ಹೇಳಲಾಗದು; ಆದರೂ ಜೆಲ್ ಕೆಲಸ ಮಾಡುವವರಲ್ಲಿ ಬೆರಳ ತುದಿ ಮತ್ತು ಕಣ್ಣಿನ ರೆಪ್ಪೆ ಎರಡೂ ಒಟ್ಟಿಗೆ ಕೆಟ್ಟರೆ ನನಗೆ ಮೊದಲು ಅನುಮಾನ ಬರುವುದು ಜೆಲ್‌ನಲ್ಲಿರುವ ಅಕ್ರಿಲೇಟ್ ಎಂಬ ರಾಸಾಯನಿಕಗಳ ಮೇಲೆ, ಅದರಲ್ಲೂ ಹೆಮಾ ಎಂದು ಚಿಕ್ಕದಾಗಿ ಕರೆಯುವ ಹೈಡ್ರಾಕ್ಸಿಎಥೈಲ್ ಮೆಥಾಕ್ರಿಲೇಟ್ ಮೇಲೆ. ಈ ಅಲರ್ಜಿ ತಾಗಿದ ಕೂಡಲೇ ಕಾಣಿಸದೆ ಒಂದೆರಡು ದಿನ ಬಿಟ್ಟು ಏಳುವುದರಿಂದ, ಸೋಮವಾರದ ಜೆಲ್‌ಗೆ ಬುಧವಾರದ ತುರಿಕೆಯನ್ನು ಯಾರೂ ಜೋಡಿಸುವುದಿಲ್ಲ.

ಲ್ಯಾಂಪ್ ಕೆಳಗೆ ಪೂರ್ತಿ ಗಟ್ಟಿಯಾದ ಜೆಲ್‌ನಿಂದ ಅಷ್ಟಾಗಿ ತೊಂದರೆಯಿಲ್ಲ, ಹಸಿ ಜೆಲ್ ಚರ್ಮಕ್ಕೆ ತಾಗುವುದೇ ತೊಂದರೆಯ ಮೂಲ. ಕ್ಯೂರ್ ಆದ, ಅಂದರೆ ಲ್ಯಾಂಪಿನಲ್ಲಿ ಗಟ್ಟಿಯಾದ ಮೇಲೂ ಮೇಲೆ ಅಂಟಂಟಾದ ಪದರ ಉಳಿಯುತ್ತದಲ್ಲ, ಗಾಳಿಯ ಆಮ್ಲಜನಕದಿಂದಾಗಿ ಗಟ್ಟಿಯಾಗದೆ ಉಳಿದ ಜೆಲ್ ಅದು. ಅದನ್ನು ಒರೆಸಿದ ಹತ್ತಿ, ಬ್ರಷ್‌ನ ಹಿಡಿ, ಬಾಟಲಿಯ ಕುತ್ತಿಗೆ, ಇವನ್ನೆಲ್ಲ ಮುಟ್ಟಿದ ಬೆರಳೇ ಮೊಬೈಲಿಗೂ ರೆಪ್ಪೆಗೂ ಹೋಗುತ್ತದೆ. ಫೈಲ್ ಮಾಡುವಾಗ ಏಳುವ ಧೂಳಿನಲ್ಲಿಯೂ ಗಟ್ಟಿಯಾಗದ ಅಂಶ ಇರಬಹುದಾದ್ದರಿಂದ, ಧೂಳು ಎಳೆಯುವ ಯಂತ್ರವನ್ನು ಮೇಜಿನ ಮೇಲೆ ಗಿರಾಕಿಯ ಕೈಯ ಪಕ್ಕದಲ್ಲೇ ಇಡಬೇಕು. ಒಂದು ಕಂಪನಿಯ ಜೆಲ್ಲನ್ನು ಬೇರೆ ಲ್ಯಾಂಪಿನಲ್ಲಿ ಕ್ಯೂರ್ ಮಾಡುವ ರೂಢಿಯನ್ನೂ ಬಿಡಿ. ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಹಸಿ ಉಳಿಯಬಹುದು.

ಲೇಟೆಕ್ಸ್ ಗ್ಲೌಸ್ ಅಕ್ರಿಲೇಟನ್ನು ತಡೆಯುವುದಿಲ್ಲ. ನೈಟ್ರೈಲ್ ಗ್ಲೌಸ್ ಸ್ವಲ್ಪ ಹೊತ್ತು ಮಾತ್ರ ತಡೆಯುವುದರಿಂದ, ಒಂದರ ಮೇಲೊಂದು ಎರಡು ಹಾಕಿಕೊಂಡು, ಜೆಲ್ ತಾಗಿದ ಕೂಡಲೇ, ಇಲ್ಲವಾದರೆ ಹೆಚ್ಚೆಂದರೆ ಅರ್ಧ ಗಂಟೆಗೊಮ್ಮೆ ಬದಲಿಸಿ. ತೊಳೆದು ಮರುದಿನ ಹಾಕಿಕೊಳ್ಳುವ ಉಳಿತಾಯ ಬೇಡ.

ಅಂಗಡಿಯ ಟ್ಯೂಬ್ ಬಗ್ಗೆ ಕಟುವಾಗಿಯೇ ಹೇಳುತ್ತೇನೆ. ಹಾಗೆ ಕೊಡುವ ಹಲವು ಟ್ಯೂಬುಗಳಲ್ಲಿ ಬಲವಾದ ಸ್ಟೀರಾಯ್ಡ್ ಇರುತ್ತದೆ. ರೆಪ್ಪೆಯ ತೆಳು ಚರ್ಮಕ್ಕೆ ಅದನ್ನು ದಿನಗಟ್ಟಲೆ ಹಚ್ಚಿದರೆ ಕಣ್ಣಿಗೂ ಅಪಾಯ.

ಪ್ಯಾಚ್ ಟೆಸ್ಟ್ ಮಾಡಿಸಿ. ಅನುಮಾನದ ವಸ್ತುಗಳನ್ನಿಟ್ಟು ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು 48 ಗಂಟೆಯ ನಂತರ ತೆಗೆದು ನೋಡಿ, ಎರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಪರೀಕ್ಷಿಸುವ ವಸ್ತುಗಳ ಸಾಮಾನ್ಯ ಸರಣಿಯಲ್ಲಿ ಹೆಮಾ ಇರದೆ ಇರಬಹುದು, ಹಾಗಾಗಿ ಅಕ್ರಿಲೇಟ್ ಸರಣಿ ಇದೆಯೇ ಎಂದು ಮೊದಲೇ ಕೇಳಿ. ನಮ್ಮ ಬೇಸಿಗೆಯ ಬೆವರಿಗೆ ಪಟ್ಟಿ ಬಿಚ್ಚಿಕೊಳ್ಳುವುದರಿಂದ ತಂಪಿನ ತಿಂಗಳಾದರೆ ಅನುಕೂಲ. ಮನೆಯಲ್ಲಿ ಹಸಿ ಜೆಲ್ಲನ್ನು ತೋಳಿಗೆ ಹಚ್ಚಿ ನೋಡುವ ಪ್ರಯೋಗ ಮಾತ್ರ ಬೇಡ, ಅದರಿಂದಲೇ ಅಲರ್ಜಿ ಹುಟ್ಟಬಹುದು.

ಕೆಲಸವನ್ನು ಈಗಲೇ ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಒಮ್ಮೆ ಬಂದ ಈ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಕೈ ಕೆಡುತ್ತಿದ್ದರೆ ಜೆಲ್ ಮತ್ತು ಅಕ್ರಿಲಿಕ್ ಬಿಟ್ಟು ಉಳಿದ ಕೆಲಸ ಮಾಡುವುದು ಲೇಸು.

ಪ್ರಶ್ನೆ (ಬೀದರ್):
ಮೇಡಂ, ಹೆಮಾ ಇಲ್ಲ ಎಂದು ಬರೆದಿರುವ ಜೆಲ್ ಬಳಸಬಹುದೇ? ಮದುವೆಗಳಿಗೆ ಮೆಹಂದಿಯನ್ನೂ ಹಾಕುತ್ತೇನೆ. ಅದರಿಂದ ಏನಾದರೂ ಆಗುತ್ತದೆಯೇ?

ಉತ್ತರ:
ಹೆಮಾ ಇಲ್ಲದ ಜೆಲ್‌ನಲ್ಲಿ ಅದರದೇ ಜಾತಿಯ ಬೇರೆ ಅಕ್ರಿಲೇಟ್‌ಗಳು ಇರುತ್ತವೆ, ಒಂದಕ್ಕೆ ಅಲರ್ಜಿಯಾದವರಿಗೆ ಇನ್ನೊಂದಕ್ಕೂ ಆಗುವುದು ಅಪರೂಪವಲ್ಲ. ಯುರೋಪಿನ ಒಕ್ಕೂಟವು 2020ರ ನಿಯಮದಲ್ಲಿ ಹೆಮಾ ಇರುವ ಉಗುರಿನ ಉತ್ಪನ್ನಗಳನ್ನು ವೃತ್ತಿಪರರ ಬಳಕೆಗೆ ಮಾತ್ರ ಸೀಮಿತಗೊಳಿಸಿತು. ಆದರೆ ದಿನವಿಡೀ ಅದರೊಂದಿಗೇ ಇರುವವರು ವೃತ್ತಿಪರರೇ ಅಲ್ಲವೇ! ಅಪ್ಪಟ ಗೋರಂಟಿಯಿಂದ ಅಲರ್ಜಿ ಅಪರೂಪ. ಬೇಗ ಕಪ್ಪಾಗಲೆಂದು ಹೇರ್ ಡೈನಲ್ಲಿರುವ ಪಿಪಿಡಿಯನ್ನು ಬೆರೆಸಿದ ಕಪ್ಪು ಮೆಹಂದಿ ಬೇರೆಯದೇ ಅಲರ್ಜಿ ತರುತ್ತದೆ, ಗುಳ್ಳೆಯನ್ನೂ ಎಬ್ಬಿಸುತ್ತದೆ, ಅದನ್ನು ಬಿಟ್ಟುಬಿಡಿ.

ಮರುಪ್ರಶ್ನೆ (ಕಲಬುರಗಿ):
ಎರಡೆರಡು ಗ್ಲೌಸ್ ಹಾಕಿದರೆ ಈ ಬಿಸಿಲಿಗೆ ಕೈಯೆಲ್ಲ ಬೆವರಿ ನೆನೆಯುತ್ತದೆ, ಮೇಡಂ. ಮುಂದಿನ ವಾರ ಹಲ್ಲಿಗೆ ಸಿಮೆಂಟ್ ತುಂಬಿಸುವುದೂ ಇದೆ.

ಉತ್ತರ:
ಒಳಗೆ ತೆಳುವಾದ ಹತ್ತಿಯ ಗ್ಲೌಸ್ ಹಾಕಿಕೊಂಡು, ಅದು ನೆಂದಾಗ ಬದಲಿಸಿ; ಕೈ ಒರೆಸಿಕೊಂಡು ರಾತ್ರಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಹಲ್ಲಿನ ವೈದ್ಯರಿಗೆ ಮಾತ್ರ ತಪ್ಪದೆ ತಿಳಿಸಿ, ಏಕೆಂದರೆ ಹಲ್ಲಿನ ಬಣ್ಣದ ಫಿಲ್ಲಿಂಗ್‌ಗಳಲ್ಲಿ ಇದೇ ಅಕ್ರಿಲೇಟ್ ವರ್ಗದ ವಸ್ತುಗಳಿರುತ್ತವೆ. ನಿಮಗೆ ಅಲರ್ಜಿಯ ಅನುಮಾನವಿದೆ ಎಂದು ಗೊತ್ತಿದ್ದರೆ ಅವರು ಬೇರೆ ವಸ್ತುವನ್ನು ಆರಿಸಿಕೊಳ್ಳಬಹುದು.