ಕ್ವಾಲಿಸ್ ಬ್ರೇಕ್ ಪೆಡಲ್ ಕಲ್ಲಾಗುತ್ತಿದೆ, ವ್ಯಾಕ್ಯೂಮ್ ಪಂಪ್ ಬಿಚ್ಚಿ ನೋಡಿದವರು ಇದ್ದೀರಾ?

ತೋಟದಮನೆ:
ನಮ್ಮದು 2003ರ ಡೀಸೆಲ್ ಕ್ವಾಲಿಸ್. ಅಪ್ಪ ತಂದ ಗಾಡಿ, ಮಾರಲು ಮನಸ್ಸಿಲ್ಲ. ಹೋದ ವಾರ ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿಯುತ್ತಿದ್ದೆವು. ಮಾರನಹಳ್ಳಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಎರಡು ಸಲ ಬ್ರೇಕ್ ಹಿಡಿಯಿತು, ಮೂರನೇ ಸಲ ಪೆಡಲ್ ಇಳಿಯಲೇ ಇಲ್ಲ. ಸೆಕೆಂಡ್ ಗೇರಿಗೆ ಹಾಕಿ, ಮೈಭಾರವೆಲ್ಲ ಕಾಲಿಗೆ ಕೊಟ್ಟು ಗುಂಡ್ಯ ಸೇರಿದೆ. ಹೆಂಡತಿ ಮಂಗಳೂರಿನವರೆಗೂ ಮಾತಾಡಲಿಲ್ಲ.

ಗ್ಯಾರೇಜಿನವರು ಬೂಸ್ಟರ್ (ಬ್ರೇಕ್ ತುಳಿತಕ್ಕೆ ಬಲ ಕೂಡಿಸುವ ಡಬ್ಬಿ) ಬದಲಿಸಿದರು. ಏನೂ ಫರಕ್ಕಿಲ್ಲ. ಈಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಹೋಗಿದೆ ಅನ್ನುತ್ತಿದ್ದಾರೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹಿಂದೆ ಆಯಿಲ್ ಜಿನುಗುತ್ತಿದೆ, ಬ್ಯಾಟರಿ ದೀಪವೂ ಆಗಾಗ ಮಂಕಾಗಿ ಉರಿಯುತ್ತದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಹಳೇಸ್ಪ್ಯಾನರ್:
ಇದೆ. ಮಾಸ್ಟರ್ ಸಿಲಿಂಡರಿಗೆ ಈಗಲೇ ದುಡ್ಡು ಸುರಿಯಬೇಡಿ.

ಬೂಸ್ಟರ್ ಕೆಲಸ ಮಾಡುವುದು ವ್ಯಾಕ್ಯೂಮಿನ ಎಳೆತದಿಂದ. ಪೆಟ್ರೋಲ್ ಗಾಡಿಗೆ ಇಂಜಿನ್ ಗಾಳಿ ಎಳೆಯುವ ಮ್ಯಾನಿಫೋಲ್ಡಿನಿಂದ ವ್ಯಾಕ್ಯೂಮ್ ಪುಕ್ಕಟೆ ಸಿಗುತ್ತದೆ. ನಿಮ್ಮ ಡೀಸೆಲ್ಲಿನಲ್ಲಿ ಅದಕ್ಕಾಗಿ ಆಲ್ಟರ್ನೇಟರಿನ ಬೆನ್ನಿಗೇ ಒಂದು ಪಂಪ್ ಇದೆ. ಎರಡಕ್ಕೂ ಒಂದೇ ಶಾಫ್ಟು. ಒಳಗಿನ ಬ್ಲೇಡುಗಳಿಗೆ ಇಂಜಿನ್ ಆಯಿಲ್ ಬರುತ್ತದೆ, ಕೆಳಗಿನ ಹೋಸಿನಿಂದ ವಾಪಸ್ ಇಳಿಯುತ್ತದೆ. ನಡುವಿನ ಸೀಲ್ ಹೋದರೆ ಆಯಿಲ್ ಆಲ್ಟರ್ನೇಟರಿನೊಳಗೆ ಕರೆಂಟ್ ದಾಟಿಸುವ ಬ್ರಷ್ಷಿಗೆ ಹೋಗುತ್ತದೆ. ನಿಮ್ಮ ದೀಪದ ಕಥೆ ಅದೇ ಇರಬೇಕು.

ಇಂಜಿನ್ ಆಫ್ ಇರುವಾಗ ಪೆಡಲ್ ಗಟ್ಟಿಯಾಗುವ ತನಕ ನಾಲ್ಕೈದು ಸಲ ತುಳಿಯಿರಿ. ಹಾಗೇ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ತಕ್ಷಣ ಸ್ವಲ್ಪ ಕುಸಿಯಬೇಕು. ತಡವಾದರೆ ಬೂಸ್ಟರ್ ಹೋಸ್ ಬಿಚ್ಚಿ, ಪಂಪಿಗೆ ನೇರವಾಗಿ ವ್ಯಾಕ್ಯೂಮ್ ಗೇಜ್ ಹಾಕಿ. ಒಳ್ಳೆ ಪಂಪ್ 25 ಇಂಚಿನ (ಪಾದರಸದ ಲೆಕ್ಕ) ಆಸುಪಾಸು ಎಳೆಯುತ್ತದೆ.

ಮಡಿಕೇರಿಮಳೆ:
ಆ 25 ಇಂಚು ಕರಾವಳಿಯ ಲೆಕ್ಕ ಅಲ್ವಾ? ಪ್ರತಿ 1,000 ಅಡಿ ಏರಿದರೆ ಸುಮಾರು 1 ಇಂಚು ಕಡಿಮೆ ತೋರಿಸುತ್ತದೆ. ನಮ್ಮಲ್ಲಿ 22 ಬಂದಿದ್ದಕ್ಕೆ ನಾನು ಒಳ್ಳೆ ಪಂಪನ್ನೇ ಬಿಸಾಡಿದ್ದೆ.

ಜೆಸಿರೋಡ್:
ಇಷ್ಟೆಲ್ಲ ಯಾಕೆ? ಶಿವಾಜಿನಗರದ ಗುಜರಿಯಲ್ಲಿ ಪಂಪ್ ಸಮೇತ ಆಲ್ಟರ್ನೇಟರ್ ಸಿಗುತ್ತದೆ. ತಂದು ಹಾಕಿ.

ಹಳೇಸ್ಪ್ಯಾನರ್:
ಗುಜರಿಯದ್ದೂ ಅಷ್ಟೇ ಓಡಿರುತ್ತದೆ, ಸ್ವಾಮಿ. ಮೊದಲು ಇದನ್ನೇ ಬಿಚ್ಚಿ. ಹೌಸಿಂಗಿನ ಒಳಗೋಡೆಗೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಆ ಪಂಪ್ ಮುಗಿಯಿತು. ನುಣುಪಾಗಿದ್ದರೆ ಬ್ಲೇಡ್, ಸೀಲ್, ಓ-ರಿಂಗ್ ಬದಲಿಸಿದರೆ ಸಾಕು. ಬ್ಲೇಡಿನ ದುಂಡನೆಯ ತುದಿ ಗೋಡೆ ಕಡೆಗೆ ಇರಲಿ. ಕೂಡಿಸುವ ಮುಂಚೆ ಒಳಗೆ ಸ್ವಲ್ಪ ಆಯಿಲ್ ಹಾಕಿ, ಒಣಗಿದ್ದು ತಿರುಗಿದರೆ ಹೊಸ ಬ್ಲೇಡೂ ಸವೆಯುತ್ತದೆ. ವಾಪಸ್ ಹೋಸ್ ಊದಿ ನೋಡುವುದನ್ನು ಮರೆಯಬೇಡಿ. ಆಯಿಲ್ ಇಳಿಯದಿದ್ದರೆ ಯಾವ ಸೀಲೂ ನಿಲ್ಲುವುದಿಲ್ಲ.

ತೋಟದಮನೆ:
ಭಾನುವಾರ ಬಿಚ್ಚಿದೆ. ಗೇಜ್ 14 ತೋರಿಸಿತ್ತು. ಗೋಡೆ ನುಣುಪಾಗಿಯೇ ಇದೆ, ಬ್ಲೇಡುಗಳ ತುದಿ ಮಾತ್ರ ಸವೆದು ಚಪ್ಪಟೆ. ಹೋಸ್ ಊದಿದರೆ ಗಾಳಿಯೇ ಹೋಗಲಿಲ್ಲ! ಯಾವಾಗಲೋ ಬೆಲ್ಟ್ ಹಾಕಿದವರು ಅದನ್ನು ಬ್ರಾಕೆಟ್ ಅಡಿ ಸಿಕ್ಕಿಸಿ ಬಿಟ್ಟಿದ್ದಾರೆ. ಬ್ಲೇಡ್, ಸೀಲ್, ಹೋಸ್, ಬ್ರಷ್ ಎಲ್ಲ ಹೊಸದು ಹಾಕಿದೆ. ಈಗ 23 ಇಂಚು. ದೀಪವೂ ಸುಮ್ನಿದೆ.

ಆದರೆ ಗ್ಯಾರೇಜಿನವರು ಹಳೇ ಬೂಸ್ಟರ್ ವಾಪಸ್ ಕೊಟ್ಟಿರಲಿಲ್ಲ. ಅದು ಚೆನ್ನಾಗಿಯೇ ಇತ್ತು ಅಲ್ವಾ? ನಾಳೆ ಹೋಗಿ ಕೇಳುತ್ತೇನೆ.