ಚೆಂಡು ಹಲಗೆಗೆ ಬಡಿದರೂ ಗೋಲು ಏಕೆ ಕೊಡಲಿಲ್ಲ?

ಪ್ರಶ್ನೆ: ಕಾಫಿಹೂ, ನಾಪೋಕ್ಲು

ಹಾಕಿಯ ನಿಯಮ ಬಲ್ಲವರಲ್ಲಿ ಒಂದು ಸಂದೇಹವನ್ನು ಕೇಳುತ್ತಿದ್ದೇನೆ. ಕಳೆದ ಭಾನುವಾರ ನಮ್ಮ ಕಡೆಯ ಹುಲ್ಲು ಮೈದಾನದಲ್ಲಿ ಕುಟುಂಬ ತಂಡಗಳ ನಡುವೆ ನಡೆದ ಪಂದ್ಯದಲ್ಲಿ ನನ್ನ ಅಣ್ಣನ ಮಗ ಬಲ ಅಂಚಿನಿಂದ ನುಗ್ಗಿ ಬಂದು, ಡಿ (ಗೋಲಿನ ಮುಂದೆ ಬಾಗಿಸಿ ಎಳೆದ ಗೆರೆಯೊಳಗಿನ ಜಾಗ) ಗೆರೆಗೆ ಇನ್ನೂ ಒಂದೆರಡು ಹೆಜ್ಜೆ ಇರುವಾಗಲೇ ಬಲವಾಗಿ ಹೊಡೆದನು. ಚೆಂಡು ಡಿ ಒಳಗಿದ್ದ ಎದುರಾಳಿ ಬ್ಯಾಕ್‌ನ ಸ್ಟಿಕ್ಕಿಗೆ ತಾಗಿ, ದಿಕ್ಕು ಬದಲಿಸಿ, ಕೀಪರ್‌ನ ಎಡ ಪ್ಯಾಡಿನ ಪಕ್ಕದಲ್ಲಿ ಸಾಗಿ ಹಿಂದಿನ ಹಲಗೆಗೆ ಬಡಿಯಿತು. ಆ ಸದ್ದು ಕೇಳಿದೊಡನೆ ನಮ್ಮವರೆಲ್ಲ ಎದ್ದು ಕುಣಿದರು. ಅಂಪೈರ್ ಮಾತ್ರ ಗೋಲು ಇಲ್ಲವೆಂದು ಹೇಳಿ, ಚೆಂಡನ್ನು 23 ಮೀಟರ್ ಗೆರೆಯ ಮೇಲಿಟ್ಟು ನಮ್ಮ ತಂಡವೇ ಆಟ ಮುಂದುವರಿಸಬೇಕೆಂದು ಸೂಚಿಸಿದರು. ಒಂದೇ ಗೋಲಿನಿಂದ ಸೋತದ್ದರಿಂದ ಮನೆಯಲ್ಲಿ ಇಂದಿಗೂ ಅದೇ ಮಾತು. ಫುಟ್‌ಬಾಲಿನಲ್ಲಾಗಿದ್ದರೆ ಇದು ಗೋಲೇ ತಾನೇ?

ಅದೇ ಪಂದ್ಯದಲ್ಲಿ, ಪೆನಾಲ್ಟಿ ಕಾರ್ನರ್‌ನಲ್ಲಿ ನಮ್ಮವರು ನೇರವಾಗಿ ಹೊಡೆದ ಚೆಂಡು ಎದೆಯೆತ್ತರದಲ್ಲಿ ಬಲೆ ಸೇರಿದಾಗಲೂ ಗೋಲು ಸಿಗಲಿಲ್ಲ. ಟಿವಿಯಲ್ಲಿ ಅದಕ್ಕಿಂತ ಎತ್ತರದ ಗೋಲುಗಳನ್ನು ಎಷ್ಟೋ ಬಾರಿ ನೋಡಿದ್ದೇನೆ.

ಉತ್ತರ: ಹಳೆಯ ಸೀಟಿ, ಮಡಿಕೇರಿ

ಕಾಫಿಹೂ ಅವರೇ, ನೀವು ಬರೆದಿರುವಂತೆಯೇ ನಡೆದಿದ್ದರೆ ಅಂಪೈರ್ ಎರಡು ಬಾರಿಯೂ ಸರಿಯಾಗಿಯೇ ತೀರ್ಪು ಕೊಟ್ಟಿದ್ದಾರೆ. ನಾನು ಹಲವು ವರ್ಷ ಸೀಟಿ ಊದಿದವನು. ಗ್ಯಾಲರಿಯಿಂದ ಬೈಗುಳ ಹೆಚ್ಚಾಗಿ ಕೇಳಿರುವುದು ಇಂಥ ತೀರ್ಪಿಗೇ.

ಹಾಕಿಯಲ್ಲಿ ಚೆಂಡು ಎಲ್ಲಿಗೆ ಹೋಯಿತು ಎಂಬುದಕ್ಕಿಂತ ಮೊದಲು, ದಾಳಿ ಮಾಡುವ ತಂಡದವರು ಅದನ್ನು ಎಲ್ಲಿ ಆಡಿದರು ಎಂಬುದನ್ನು ನೋಡಬೇಕು. ದಾಳಿಯ ತಂಡದ ಯಾರಾದರೊಬ್ಬರ ಸ್ಟಿಕ್ಕು ಡಿ ಒಳಗೆ ಚೆಂಡನ್ನು ಮುಟ್ಟಿರಬೇಕು. ಆಮೇಲೆ ಚೆಂಡು ಡಿಯಿಂದ ಹೊರಗೆ ಹೋಗದೆ, ಅಡ್ಡಪಟ್ಟಿಯ ಕೆಳಗೆ ಗೋಲು ಗೆರೆಯನ್ನು ಪೂರ್ತಿಯಾಗಿ ದಾಟಬೇಕು. ಹಾಗೆ ಮುಟ್ಟಿದ ಮೇಲೆ ಎದುರಾಳಿಯ ಸ್ಟಿಕ್ಕಿಗೋ ಕೀಪರ್‌ನ ಪ್ಯಾಡಿಗೋ ತಾಗಿ ಒಳಗೆ ಹೋದರೂ ಗೋಲೇ. ನಿಮ್ಮ ಹುಡುಗ ಹೊಡೆದದ್ದು ಹೊರಗಿನಿಂದ; ಒಳಗೆ ಮುಟ್ಟಿದವನು ಎದುರಾಳಿ ಮಾತ್ರ. ರಕ್ಷಣೆಯವರ ಸ್ಟಿಕ್ಕಿಗೆ ಅರಿಯದೆ ತಾಗಿ ಚೆಂಡು ಹಿಂದಿನ ಗೆರೆ ದಾಟಿದ್ದರಿಂದ 23 ಮೀಟರ್ ಗೆರೆಯಿಂದ ನಿಮಗೇ ಚೆಂಡು ಸಿಕ್ಕಿತು. ಯಾರಿಗೂ ತಾಗದೆ ನೇರವಾಗಿ ಬಲೆಗೆ ಹೋಗಿದ್ದರೆ ಎದುರಾಳಿಗಳಿಗೆ ಹಿಟ್ ಸಿಗುತ್ತಿತ್ತು.

ಎರಡನೆಯ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕಾಗುತ್ತದೆ. ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲು ಕಂಬದಿಂದ 10 ಮೀಟರ್ ದೂರದಲ್ಲಿ, ಹಿಂದಿನ ಗೆರೆಯ ಮೇಲಿಂದ ಚೆಂಡನ್ನು ತಳ್ಳುತ್ತಾರೆ. ಅದು ಒಮ್ಮೆ ಡಿಯಿಂದ ಹೊರಗೆ ಬಂದು, ಮತ್ತೆ ಒಳಗೆ ಹೋದ ಮೇಲೆಯೇ ಗೋಲಿಗೆ ಹೊಡೆಯಬಹುದು. ಆ ಮೊದಲ ಹೊಡೆತ ಹಿಟ್, ಅಂದರೆ ಸ್ಟಿಕ್ ಬೀಸಿ ಹೊಡೆದದ್ದು, ಆಗಿದ್ದರೆ ಗೋಲು ಗೆರೆಯ ಬಳಿ ಚೆಂಡು 460 ಮಿಲಿಮೀಟರ್‌ಗಿಂತ ಮೇಲಿರಬಾರದು. ನೀವು ಸದ್ದು ಕೇಳಿದ ಹಲಗೆಯ ಎತ್ತರವೂ ಅಷ್ಟೇ. ಅಂಪೈರ್‌ಗೆ ಅಳತೆಪಟ್ಟಿ ಅದೇ. ಸ್ಟಿಕ್ಕನ್ನು ನೆಲಕ್ಕೆ ಸವರಿದಂತೆ ಬೀಸುವ ಸ್ಲ್ಯಾಪ್ ಕೂಡ ಹಿಟ್ ಎಂದೇ ಲೆಕ್ಕ. ಬೀಸದೆ, ಸ್ಟಿಕ್ಕಿನಿಂದಲೇ ಚೆಂಡನ್ನು ತಳ್ಳಿ ಎತ್ತುವ ಫ್ಲಿಕ್, ಡ್ರ್ಯಾಗ್ ಫ್ಲಿಕ್ ಅಥವಾ ಸ್ಕೂಪ್‌ಗೆ ಈ ಮಿತಿಯಿಲ್ಲ. ಯಾರಿಗೂ ಅಪಾಯವಾಗದಂತಿದ್ದರೆ ಅಡ್ಡಪಟ್ಟಿಯ ಕೆಳಗೆ ಎಷ್ಟು ಎತ್ತರದಲ್ಲಿ ಬೇಕಾದರೂ ಹೋಗಲಿ. ಟಿವಿಯಲ್ಲಿ ನೀವು ಕಂಡದ್ದು ಅದನ್ನೇ ಇರಬೇಕು. ನಮ್ಮ ಜಿಲ್ಲೆಯವರೇ ಆದ ಲೆನ್ ಅಯ್ಯಪ್ಪ, ವಿ.ಆರ್. ರಘುನಾಥ್ ಹೆಸರು ಮಾಡಿದ್ದೇ ಡ್ರ್ಯಾಗ್ ಫ್ಲಿಕ್‌ನಿಂದ.

ಉತ್ತರ: ಲೆಫ್ಟ್ ಔಟ್, ಗೋಣಿಕೊಪ್ಪಲು

ಹಿರಿಯರು ಹೇಳಿದ್ದಕ್ಕೆ ನನ್ನದೊಂದು ತಕರಾರಿದೆ. ರಕ್ಷಣೆಯವರಿಗೆ ತಾಗಿ ಒಳಗೆ ಹೋದರೂ ಗೋಲು ಕೊಡಬೇಕೆಂಬ ನಿಯಮ 2013ರಲ್ಲಿ ಬಂದಿತ್ತಲ್ಲವೇ? ನಾನು ಆಗ ಕಾಲೇಜು ತಂಡದಲ್ಲಿದ್ದೆ. ಕೋಚ್ ಅದನ್ನು ಹೇಳಿಕೊಟ್ಟದ್ದು ಚೆನ್ನಾಗಿ ನೆನಪಿದೆ.

ಉತ್ತರ: ಹಳೆಯ ಸೀಟಿ, ಮಡಿಕೇರಿ

ನಿಮ್ಮ ಕೋಚ್ ಹೇಳಿದ್ದು ಸುಳ್ಳಲ್ಲ. ಆ ವರ್ಷ ಸ್ವಂತ ಗೋಲಿನ ನಿಯಮವನ್ನು ತಂದರು, ಆದರೆ ಹೆಚ್ಚು ಕಾಲ ಉಳಿಸಿಕೊಳ್ಳದೆ ಕೈಬಿಟ್ಟರು. ಕೈಬಿಟ್ಟದ್ದೇ ಒಳ್ಳೆಯದಾಯಿತು ಎಂಬುದು ನನ್ನ ಅಭಿಪ್ರಾಯ. ದೂರದಿಂದ ಗುಂಪಿನೊಳಕ್ಕೆ ಬೀಸಿ ಹೊಡೆದು, ಯಾರ ಕಾಲಿಗಾದರೂ ತಾಗಿ ಒಳಗೆ ಹೋಗಲಿ ಎಂದು ಕಾಯುವ ಆಟಕ್ಕೆ ಅದು ದಾರಿ ಮಾಡಿಕೊಡುತ್ತಿತ್ತು. ಡಿ ಒಳಗೆ ಚೆಂಡನ್ನು ಒಯ್ಯುವುದರಲ್ಲಿಯೇ ಹಾಕಿಯ ಜಾಣ್ಮೆಯೆಲ್ಲ ಇದೆ.

ಉತ್ತರ: ಪಿ.ಟಿ. ಮೇಷ್ಟ್ರು, ಸೋಮವಾರಪೇಟೆ

ಒಂದು ಮಾತು ಸೇರಿಸುತ್ತೇನೆ. ಡಿ ಗೆರೆಯೂ ಡಿಗೇ ಸೇರಿದ್ದು. ಹೊಡೆಯುವ ಹೊತ್ತಿಗೆ ಚೆಂಡು ಗೆರೆಗೆ ತಾಗಿಕೊಂಡಿದ್ದರೂ ಅದು ಒಳಗೇ ಇದ್ದಂತೆ. ಆಟಗಾರನ ಕಾಲು ಎಲ್ಲಿತ್ತು ಎಂಬುದು ಲೆಕ್ಕಕ್ಕೆ ಬಾರದು, ಚೆಂಡು ಎಲ್ಲಿತ್ತು ಎಂಬುದಷ್ಟೇ ಮುಖ್ಯ. ಕಂಬಗಳಿಂದ 14.63 ಮೀಟರ್ ಅಳೆದು ಬಾಗಿಸಿ ಎಳೆಯುವ ಆ ಗೆರೆಯನ್ನು ಟರ್ಫ್‌ನಲ್ಲಿ ಗುರುತಿಸುವುದು ಸುಲಭ. ನಮ್ಮ ಹುಲ್ಲು ಮೈದಾನಗಳಲ್ಲಿ ಏಪ್ರಿಲ್ ತಿಂಗಳಲ್ಲಿ ಹೂಮಳೆ ಸುರಿದರೆ ಬೆಳಿಗ್ಗೆ ಎಳೆದ ಸುಣ್ಣ ಮಧ್ಯಾಹ್ನದ ಪಂದ್ಯಕ್ಕೆ ಅರ್ಧ ತೊಳೆದುಹೋಗಿರುತ್ತದೆ. ಕಾಫಿ ತೋಟಕ್ಕೆ ಬೇಕಾದ ಮಳೆ ಅಂಪೈರ್‌ಗೆ ಬೇಡ. ಅಂದು ಗೆರೆ ಸರಿಯಾಗಿ ಕಾಣಿಸುತ್ತಿತ್ತೇ?

ಕಾಫಿಹೂ, ನಾಪೋಕ್ಲು

ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರು ಕೇಳಿದ ಮೇಲೆ ತಮ್ಮನ ಮಗಳು ಮೊಬೈಲಿನಲ್ಲಿ ತೆಗೆದಿದ್ದ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಗೆರೆ ಬೆಳ್ಳಗೆ ಕಾಣುತ್ತಿದೆ. ಹೊಡೆಯುವಾಗ ಚೆಂಡು ಅದರಿಂದ ಒಂದು ಸ್ಟಿಕ್ಕಿನಷ್ಟು ಹೊರಗಿದೆ. ನಮ್ಮ ಸೆಂಟರ್ ಫಾರ್ವರ್ಡ್ ಡಿ ನಡುವೆ ನಿಂತಿದ್ದಾನೆ, ಚೆಂಡು ಅವನ ಮುಂದೆಯೇ ಹಾದುಹೋಗುತ್ತದೆ, ಅವನು ಸ್ಟಿಕ್ ಎತ್ತಿ ಅದಕ್ಕೆ ದಾರಿ ಬಿಡುತ್ತಾನೆ.

ಹಳೆಯ ಸೀಟಿ, ಮಡಿಕೇರಿ

ಅವನು ಸ್ಟಿಕ್ ಎತ್ತದೆ ಸುಮ್ಮನೆ ನೆಲಕ್ಕೆ ಇಟ್ಟು, ಚೆಂಡು ಅದಕ್ಕೆ ಸವರಿಕೊಂಡು ಹೋಗಿದ್ದರೂ ಸಾಕಿತ್ತು, ಗೋಲು ನಿಮ್ಮದಾಗುತ್ತಿತ್ತು.