ಸಹಾಯ ಬೇಕು: ಸೆನೆಗಾಲ್‌ನ ಸ್ಯಾಂ ಲೂಯಿ ನೋಡಿ ಬಂದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಅಮ್ಮನನ್ನು ಕರೆದುಕೊಂಡು ಸೆನೆಗಾಲ್‌ಗೆ ಹೋಗುತ್ತಿದ್ದೇನೆ. ಡಾಕರ್‌ನಲ್ಲಿ ತಮ್ಮ ಇದ್ದಾನೆ, ಅಲ್ಲಿ ಚಿಂತೆ ಇಲ್ಲ. ಹಳದಿ ಜ್ವರದ ಲಸಿಕೆಯೂ ಆಯಿತು. ಸಹಾಯ ಬೇಕಿರುವುದು ಸ್ಯಾಂ ಲೂಯಿ ಬಗ್ಗೆ. ಸೆನೆಗಾಲ್ ನದಿ ಸಮುದ್ರ ಸೇರುವ ಜಾಗದ ಹತ್ತಿರ, ನೀರಿನ ನಡುವೆ ಇರುವ ಕಿರಿದಾದ ದ್ವೀಪದ ಮೇಲೆ ಫ್ರೆಂಚರು 1659ರಲ್ಲಿ ಕಟ್ಟಿದ ಊರು ಅದು, 2000ದಿಂದ ಯುನೆಸ್ಕೊ ಪಟ್ಟಿಯಲ್ಲೂ ಇದೆ. ಮರದ ಬಾಲ್ಕನಿಯ ಹಳೇ ಮನೆಗಳು, 1897ರ ಕಬ್ಬಿಣದ ಫೈದೆರ್ಬ್ ಸೇತುವೆ, ಇವನ್ನೆಲ್ಲ ನಡೆದೇ ನೋಡುವ ಆಸೆ.

ಡಾಕರ್‌ನಿಂದ ಏಳು ಜನ ತುಂಬಿದ ಮೇಲೆ ಹೊರಡುವ 'ಸೆಟ್ ಪ್ಲಾಸ್' ಶೇರ್ ಟ್ಯಾಕ್ಸಿಯಲ್ಲಿ ಹೋಗಬಹುದಂತೆ. ಅಮ್ಮನಿಗೆ ಮಂಡಿನೋವು, ಹಿಂದಿನ ಸೀಟು ಸಿಕ್ಕರೆ ಕಷ್ಟ ಅಲ್ವಾ? ಎರಡು ಸೀಟಿನ ದುಡ್ಡು ಜಾಸ್ತಿ ಕೊಟ್ಟು ಆರಾಮಾಗಿ ಕೂರಬಹುದಾ, ಇಲ್ಲ ಬೇರೆ ಕಾರೇ ಮಾಡಿಕೊಳ್ಳುವುದು ಒಳ್ಳೆಯದಾ?

ಇನ್ನೊಂದು, ಗೆಟ್ ಎನ್‌ಡಾರ್ ಮೀನುಗಾರರ ಕೇರಿ. ಬಣ್ಣ ಬಳಿದ ಉದ್ದನೆಯ ದೋಣಿಗಳು ದಡಕ್ಕೆ ಬರುವುದನ್ನು ನೋಡಬೇಕು. ಆದರೆ ಅಲ್ಲಿ ಸಮುದ್ರ ಎಷ್ಟೋ ಮನೆಗಳನ್ನು ನುಂಗಿದೆ, ಜನ ಊರು ಬಿಟ್ಟು ಹೋಗಿದ್ದಾರೆ. ಅಂಥ ಕಡೆ ಸುಮ್ನೆ ಕ್ಯಾಮೆರಾ ಹಿಡಿದು ಓಡಾಡಲು ನನಗೆ ಮನಸ್ಸಿಲ್ಲ. ಅಲ್ಲಿಯವರೇ ಯಾರಾದರೂ ಗೈಡ್ ಸಿಗುತ್ತಾರಾ?

ಅಮ್ಮ ಮೀನು ತಿನ್ನುವುದಿಲ್ಲ. ಅಲ್ಲಿನ ಹೆಸರುವಾಸಿ ಊಟವೇ ಮೀನು, ಅನ್ನದ ಚೆಬುಜೆನ್. ಅಡುಗೆ ಮಾಡಿಕೊಳ್ಳಲು ಬಿಡುವ ರೂಮು ದ್ವೀಪದಲ್ಲೇ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಜೂಜ್ ಪಕ್ಷಿಧಾಮದ ದೋಣಿಗೆ ಬೆಳಗ್ಗೆ ಎಷ್ಟು ಹೊತ್ತಿಗೆ ಹೊರಡಬೇಕು ಅನ್ನುವುದೂ ಬೇಕು.